ದ್ರಾಕ್ಷಿಗೆ ಒಂದಗುಳು ಸಾಲದು

ಅನ್ನ ಬೆಂದಿದೆಯಾ ಅಂತ ತಿಳಿಯೋಕೆ ಒಂದಗುಳು ಹಿಸುಕಿದರೆ ಸಾಕು. ಪಾತ್ರೆಯ ಅಕ್ಕಿಯೆಲ್ಲ ಒಂದೇ ಕುದಿಯಲ್ಲಿ ಬೆಂದಿರುತ್ತೆ, ಅದಕ್ಕೆ ಆ ಮಾತು ನಿಜ. ಅದೇ ಲೆಕ್ಕವನ್ನು ದ್ರಾಕ್ಷಿ ತೋಟಕ್ಕೆ ಹಚ್ಚಿದರೆ ಯಾರಿಗಾದರೂ ಮೋಸ ಆಗೋದು ಖಂಡಿತ.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಬೆಂಗಳೂರು ಬ್ಲೂ ದ್ರಾಕ್ಷಿ ತಿನ್ನೋಕೂ ಹೋಗುತ್ತೆ, ಜ್ಯೂಸಿಗೂ ವೈನಿಗೂ ಹೋಗುತ್ತೆ. ವೈನಿನಲ್ಲಿ ಯೀಸ್ಟ್ ಆಲ್ಕೋಹಾಲ್ ಮಾಡುವುದು ಹಣ್ಣಿನ ಸಕ್ಕರೆಯಿಂದ. ಹಾಗಾಗಿ ಸಿಹಿ ಎಷ್ಟಿದೆ ಅನ್ನೋದು ಬಾಯಿರುಚಿಯ ಮಾತಲ್ಲ, ಅಂಕಿಯ ಮಾತು. ಅದರ ಅಳತೆ ಬ್ರಿಕ್ಸ್: 100 ಗ್ರಾಂ ದ್ರಾವಣದಲ್ಲಿ 1 ಗ್ರಾಂ ಸಕ್ಕರೆ ಇದ್ದರೆ 1 ಡಿಗ್ರಿ. ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರಿಗೆ ಎರಡು ಹನಿ ರಸ ಹಾಕಿ ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತೆ.

ಆದರೆ ಆ ಎರಡು ಹನಿ ಯಾವ ಹಣ್ಣಿನದು? ಗೊಂಚಲಿನ ಮೇಲ್ಭಾಗದ ಹಣ್ಣು ಸಾಮಾನ್ಯವಾಗಿ ತುದಿಯ ಹಣ್ಣಿಗಿಂತ ಸಿಹಿ. ಬಿಸಿಲಿನ ಗೊಂಚಲು ಒಂದು ಥರ, ಎಲೆ ಮರೆಯದು ಇನ್ನೊಂದು ಥರ. ಕೊಳ್ಳುವವರು ತುದಿಯ ಹಣ್ಣು ಹಿಂಡಿ "ಇನ್ನೂ ಸಿಹಿ ಬಂದಿಲ್ಲ" ಅನ್ನಬಹುದು, ಮಾರುವವರು ಮೇಲಿನದನ್ನು ಹಿಂಡಿ "ನೋಡಿ ಸ್ವಾಮಿ" ಅನ್ನಬಹುದು. ಎರಡೂ ಸಲ ಮೀಟರ್ ನಿಜವನ್ನೇ ಹೇಳಿರುತ್ತೆ!

ಮಾಲ್ಟ್ ಸಿರಪ್ಪಿನಿಂದ ಮನೆಯಲ್ಲೇ ಬಿಯರ್ ಮಾಡುವ ದೇಶಗಳಲ್ಲೂ ಇದೇ ಕತೆ. ಗಟ್ಟಿ ಸಿರಪ್ ನೀರಲ್ಲಿ ಸರಿಯಾಗಿ ಬೆರೆಯದಿದ್ದರೆ ಮೇಲಿನ ಸ್ಯಾಂಪಲ್‌ನಲ್ಲಿ ಹೈಡ್ರೋಮೀಟರ್ ಸಕ್ಕರೆ ಕಡಿಮೆ ತೋರಿಸುತ್ತೆ, ತಳದ್ದರಲ್ಲಿ ಜಾಸ್ತಿ. ಹುದುಗಿದ ಮೇಲಂತೂ ರಿಫ್ರಾಕ್ಟೋಮೀಟರಿನ ಅಂಕಿಯನ್ನು ತಿದ್ದದೆ ನಂಬುವಂತಿಲ್ಲ. ಆಲ್ಕೋಹಾಲ್ ಬೆಳಕನ್ನು ನೀರಿಗಿಂತ ಹೆಚ್ಚು ಬಗ್ಗಿಸುವುದರಿಂದ ಅದು ಇಲ್ಲದ ಸಕ್ಕರೆಯನ್ನೂ ಇದೆ ಅನ್ನುತ್ತೆ.

ನಾವು ಎಂಜಿನಿಯರಿಂಗ್‌ನವರು ಪ್ರಾಜೆಕ್ಟ್ ಅಂದ ಕೂಡಲೇ ಸೆನ್ಸರ್, ಆ್ಯಪ್ ಅಂತ ಓಡ್ತೀವಿ. 0.1 ಡಿಗ್ರಿಯವರೆಗೆ ಕರಾರುವಾಕ್ಕು ಅಂತ ಪೋಸ್ಟರ್ ಬೇರೆ. ಒಂದೇ ಗೊಂಚಲಲ್ಲಿ ಅದಕ್ಕಿಂತ ಹೆಚ್ಚು ವ್ಯತ್ಯಾಸ ಇರುವಾಗ ಆ ಕರಾರುವಾಕ್ಕಿನಿಂದ ರೈತನಿಗೇನು ಲಾಭ?

ನನ್ನ ಅಭಿಪ್ರಾಯ ಇಷ್ಟೇ: ಮೀಟರಿಗಿಂತ ಮೊದಲು ಸ್ಯಾಂಪಲ್ ತೆಗೆಯುವ ಕ್ರಮ ಗಟ್ಟಿಯಾಗಲಿ. ತೋಟದ ಬೇರೆ ಬೇರೆ ಸಾಲುಗಳಿಂದ, ಗೊಂಚಲಿನ ಮೇಲೆ, ನಡು, ತುದಿ ಮೂರೂ ಕಡೆಯಿಂದ ನೂರು ಹಣ್ಣು ಕಿತ್ತು ಒಟ್ಟಿಗೆ ಹಿಂಡಲಿ. ಮೀಟರನ್ನು ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆಗೆ ತಂದು ಆಮೇಲೆ ಅಳೆಯಲಿ. ಕೊಳ್ಳುವವರು, ಬೆಳೆದವರು ಇಬ್ಬರೂ ಎದುರಿಗಿರಲಿ. ಬೆಲೆ ಮಾತಾಡುವ ಮುಂಚೆಯೇ ಈ ಕ್ರಮಕ್ಕೆ ಇಬ್ಬರೂ ಒಪ್ಪಿರಲಿ.

ಅಷ್ಟು ಪುರುಸೊತ್ತು ಯಾರಿಗಿದೆ ಅಂತ ಕೇಳಬಹುದು. ಇಡೀ ತೋಟದ ಬೆಲೆ ಆ ಹನಿಯ ಮೇಲೆ ನಿಂತಿರುವಾಗ ಅಷ್ಟು ಹೊತ್ತು ಮಾಡಿಕೊಳ್ಳಲೇಬೇಕು. ಇನ್ನು ಮುಂದೆ ಯಾರಾದರೂ ಬ್ರಿಕ್ಸ್ ಮೀಟರ್ ಪ್ರಾಜೆಕ್ಟ್ ತಂದು ತೋರಿಸಿದರೆ, ಹನಿ ಎಲ್ಲಿಂದ ತಂದ್ರಿ ಅಂತ ಮೊದಲು ಕೇಳೋಣ.