ಒಳಕೋಣೆಯ ಪರದೆ



ಮೊನ್ನೆ ಅರಿಶಿನ ಕುಂಕುಮಕ್ಕೆಂದು ಪರಿಚಯದವರೊಬ್ಬರ ಮನೆಗೆ ಹೋಗಿದ್ದೆ. ನಡುಮನೆಯ ತುಂಬ ಹೆಂಗಸರು, ಮಾತು, ನಗು. ಕೋಸಂಬರಿ ಕೈಗೆ ಬರುವ ಹೊತ್ತಿಗೆ ಒಳಕೋಣೆಯ ಪರದೆ ಸ್ವಲ್ಪ ಸರಿಯಿತು. ಹನ್ನೆರಡು-ಹದಿಮೂರು ವರ್ಷದ ಹುಡುಗಿಯೊಬ್ಬಳು ಗೋಡೆ ಹಿಡಿದು ನಿಂತು ನಮ್ಮನ್ನೇ ನೋಡುತ್ತಿದ್ದಳು. ಪಾಪ, ಒಂದು ಕಾಲಿಗೆ ಶಕ್ತಿಯಿಲ್ಲ. "ಬಾರಮ್ಮ, ಇಲ್ಲಿ ಕೂತ್ಕೋ" ಅಂದೆ. ಮನೆಯಾಕೆ ಗಡಿಬಿಡಿಯಿಂದ ಪರದೆ ಎಳೆದು, "ಅವಳು ಅಲ್ಲೇ ಇರ್ಲಿ ಬಿಡಿ, ನಾಲ್ಕು ಜನ ಬಂದಾಗ ಹೊರಗೆ ಬರೋಲ್ಲ" ಅಂದರು. ಆಕೆ ಕೆಟ್ಟವರಲ್ಲ. ಆ ಮಗುವನ್ನು ದಿನವೂ ಎತ್ತಿ ಸ್ನಾನ ಮಾಡಿಸಿ, ತಲೆ ಬಾಚುವುದು ಅವರೇ. ಆದರೂ ಆ ಪರದೆ ನನ್ನ ಮನಸ್ಸಿನಿಂದ ಸರಿಯಲೇ ಇಲ್ಲ.

ಒಂದು ಮನೆ ಹೀಗೆ ಪರದೆ ಎಳೆಯುತ್ತದೆ, ಸರಿ. ಇಡೀ ದೇಶವೇ ಎಳೆದುಕೊಂಡರೆ?

1980ರಲ್ಲಿ ಮಾಸ್ಕೋದಲ್ಲಿ ಒಲಿಂಪಿಕ್ಸ್ ನಡೆಯಿತಲ್ಲ, ಆ ವರ್ಷ ಅಂಗವಿಕಲರ ಒಲಿಂಪಿಕ್ಸನ್ನೂ ನಡೆಸಿಕೊಡಲು ಸೋವಿಯತ್ ಸರಕಾರ ಒಪ್ಪಲಿಲ್ಲ. "ನಮ್ಮ ದೇಶದಲ್ಲಿ ಅಂಗವಿಕಲರೇ ಇಲ್ಲ" ಎಂದು ಅಲ್ಲಿಯ ಅಧಿಕಾರಿಯೊಬ್ಬರು ಹೇಳಿದರೆಂದು ಇಂದಿಗೂ ಜನ ಹೇಳುತ್ತಾರೆ. ಕೊನೆಗೆ ಆ ಕ್ರೀಡೆಗಳು ಹಾಲೆಂಡಿನ ಆರ್ನ್‌ಹೆಮ್ ಊರಿನಲ್ಲಿ ನಡೆದವು. ಅಷ್ಟು ದೊಡ್ಡ ದೇಶದಲ್ಲಿ ಕಾಲಿಲ್ಲದವರು, ಕಣ್ಣು ಕಾಣದವರು ಇರಲಿಲ್ಲವೇ? ಇದ್ದರು. ಪರದೆಯ ಹಿಂದೆ ಇದ್ದರು.

ಆಗ ಉಕ್ರೇನ್ ಕೂಡ ಆ ದೇಶದ ಒಂದು ಭಾಗ. 1991ರಲ್ಲಿ ಅದು ಸ್ವತಂತ್ರವಾಯಿತು. ಇನ್ನೂ ಬಡತನ, ದಿನಸಿಗೂ ತಾಪತ್ರಯದ ಕಾಲ. ಅಂಥ ಹೊತ್ತಿನಲ್ಲಿ ವಾಲೆರಿ ಸುಷ್ಕೆವಿಚ್ ಎಂಬುವರು ಒಂದು ಕೆಲಸ ಹಿಡಿದರು. ಬಾಲ್ಯದಲ್ಲೇ ಪೋಲಿಯೋ ಬಂದು ಗಾಲಿಕುರ್ಚಿ ಹಿಡಿದವರು ಅವರು, ಈಜುಗಾರರೂ ಹೌದು. ಅವರಂಥವರ ಪ್ರಯತ್ನದಿಂದ 'ಇನ್ವಾಸ್ಪೋರ್ಟ್' ಎಂಬ ಸರಕಾರಿ ವ್ಯವಸ್ಥೆ ಬೆಳೆಯಿತು. ಪ್ರಾಂತ ಪ್ರಾಂತದಲ್ಲೂ ಅಂಗವಿಕಲ ಮಕ್ಕಳಿಗೆ ಆಟ ಕಲಿಸುವ ಕೇಂದ್ರಗಳಾದವು, ತರಬೇತುದಾರರು ಬಂದರು. ಪದಕ ಆಮೇಲಿನ ಮಾತು. ಮೊದಲು ಮಗು ಮನೆಯಿಂದ ಹೊರಗೆ ಬರಬೇಕು, ಅಷ್ಟೇ.

ಹೊರಗೆ ಬಂದ ಮಕ್ಕಳು ಏನು ಮಾಡಿದರು ಗೊತ್ತೇ? 1998ರಲ್ಲಿ ಜಪಾನಿನ ನಗಾನೊದಲ್ಲಿ ಮೊದಲ ಬಾರಿಗೆ ಚಳಿಗಾಲದ ಪ್ಯಾರಾಲಿಂಪಿಕ್ಸಿನಲ್ಲಿ ಉಕ್ರೇನ್ ತಂಡವಾಗಿ ಇಳಿದರು. ಅಲ್ಲಿಂದ ಮುಂದೆ ಪ್ರತಿ ಸಲವೂ ಪದಕ ಹೊತ್ತು ತಂದರು. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಂದ ಪದಕಗಳೇ 22.

ಈ ಆಟಗಳ ಬಗ್ಗೆ ಒಂದಿಷ್ಟು ಹೇಳಬೇಕು. ಹಿಮ ನೋಡದ ನಮಗೆ ಇದೆಲ್ಲ ವಿಚಿತ್ರ ಅನ್ನಿಸಬಹುದು. ಕಾಲಿಗೆ ಉದ್ದನೆಯ ಸ್ಕೀ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತ ಸಾಗುವುದು ಸ್ಕೀಯಿಂಗ್. ನಿಲ್ಲಲಾಗದವರಿಗೆ ಎರಡು ಸ್ಕೀಗಳ ಮೇಲೆ ಕೂರುವ ಆಸನ ಜೋಡಿಸಿರುತ್ತಾರೆ. ಎರಡು ಕೋಲು ಊರಿ ತೋಳಿನ ಬಲದಿಂದಲೇ ಏರು ಹತ್ತಬೇಕು. ಕಣ್ಣು ಕಾಣದವರ ಮುಂದೆ ಒಬ್ಬ ಜೊತೆಗಾರ ಸಾಗುತ್ತಾನೆ. "ಎಡಕ್ಕೆ, ಬಲಕ್ಕೆ, ಇಳಿಜಾರು ಬಂತು" ಎಂದು ಅವನು ಕೂಗುತ್ತ ಹೋದರೆ ಹಿಂದಿನವರು ಆ ದನಿಯನ್ನೇ ನಂಬಿ ನುಗ್ಗಬೇಕು. ಗೆದ್ದರೆ ಜೊತೆಗಾರನಿಗೂ ಪದಕ!

ಬಯಾಥ್ಲಾನ್ ಎಂಬುದು ಇನ್ನೂ ಕಷ್ಟದ್ದು. ಏದುಸಿರು ಬಿಡುತ್ತ ಸ್ಕೀ ಮಾಡಿ ಬಂದವರು ನಡುನಡುವೆ ನಿಂತು ಹತ್ತು ಮೀಟರ್ ದೂರದ ಗುರಿಗೆ ಗುಂಡು ಹೊಡೆಯಬೇಕು. ಕಣ್ಣಿಲ್ಲದವರು ಗುರಿ ಹೇಗೆ ಹಿಡಿಯುತ್ತಾರೆ ಅಂತೀರಾ? ಕಿವಿಯಿಂದ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಒಂದು ಸದ್ದು ಬರುತ್ತದೆ. ಬಂದೂಕು ಗುರಿಯ ನಡುವಿಗೆ ಹತ್ತಿರವಾದಷ್ಟೂ ಆ ಸದ್ದು ಬದಲಾಗುತ್ತ ಹೋಗುತ್ತದೆ. ನಾವು ಒಗ್ಗರಣೆಗೆ ಸಾಸಿವೆ ಸಿಡಿದದ್ದನ್ನು ಬೆನ್ನು ತಿರುಗಿಸಿ ನಿಂತೇ ತಿಳಿಯುತ್ತೇವಲ್ಲ, ಹಾಗೆ. ಆದರೆ ಅವರ ಎದೆ ಆಗ ಡವಡವ ಹೊಡೆದುಕೊಳ್ಳುತ್ತಿರುತ್ತದೆ. ಮನಸ್ಸು ಒಂದು ಕ್ಷಣ ಎಲ್ಲಿಗೋ ಹೋಯಿತೋ, ಗುರಿ ತಪ್ಪಿತು.

ಈಗ 2022ಕ್ಕೆ ಬನ್ನಿ. ಆ ವರ್ಷ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಬಂತು. ಖಾರ್ಕಿವ್ ನಗರದ ಹೆಸರು ನಿಮಗೂ ನೆನಪಿರಬೇಕು. ಅಲ್ಲಿ ಡಾಕ್ಟರ್ ಓದಲು ಹೋಗಿದ್ದ ನಮ್ಮ ಕರ್ನಾಟಕದ ಹುಡುಗನೊಬ್ಬ ಮಾರ್ಚ್ 1ರಂದು ಷೆಲ್ ದಾಳಿಗೆ ಬಲಿಯಾದ. ದಿನಸಿ ತರಲೆಂದು ಹೊರಗೆ ಬಂದಿದ್ದನಂತೆ. ಆ ಸುದ್ದಿ ಕೇಳಿ ನಮ್ಮ ಎಷ್ಟು ಮನೆಗಳಲ್ಲಿ ಅಂದು ಊಟ ಸೇರಲಿಲ್ಲ!

ಅದರ ಮರುದಿನ, ಮಾರ್ಚ್ 2ರಂದು, ಉಕ್ರೇನಿನ ತಂಡ ಬೀಜಿಂಗ್ ತಲುಪಿತು. ಇಪ್ಪತ್ತು ಆಟಗಾರರು, ಜೊತೆಗೆ ಅವರಿಗೆ ದಾರಿ ಹೇಳುವವರು. ಮಾರ್ಚ್ 4ಕ್ಕೆ ಉದ್ಘಾಟನೆ. ಮನೆಯವರೆಲ್ಲ ಬಾಂಬಿನ ಕೆಳಗೆ. ಇವರು ಹಿಮದ ಮೇಲೆ. ತಂಡದ ಹಿರಿಯ ಸುಷ್ಕೆವಿಚ್ ಅವರದು ಒಂದೇ ಮಾತು: ಬಾರದೆ ಉಳಿದಿದ್ದರೆ ಶರಣಾದಂತೆಯೇ.

ಮಾರ್ಚ್ 5, ಮೊದಲ ದಿನ. ಕಣ್ಣು ಕಾಣದ ಗಂಡಸರ ಬಯಾಥ್ಲಾನಿನಲ್ಲಿ ಚಿನ್ನ, ಬೆಳ್ಳಿ, ಕಂಚು ಮೂರೂ ಉಕ್ರೇನಿಗೇ ಬಂದವು. ಚಿನ್ನ ಗೆದ್ದವರು ವಿತಾಲಿ ಲುಕ್ಯಾನೆಂಕೊ. ಅದೇ ದಿನ ಹೆಂಗಸರಲ್ಲಿ ಒಕ್ಸಾನಾ ಶಿಶ್ಕೋವಾ ಚಿನ್ನ ಗೆದ್ದರು.

ಮಾರ್ಚ್ 8, ಮಹಿಳಾ ದಿನ. ಖಾರ್ಕಿವ್‌ನ ಲ್ಯುದ್ಮಿಲಾ ಲ್ಯಾಶೆಂಕೊ ಚಿನ್ನ ಗೆದ್ದರು. ಆಕೆಯ ಮನೆ ಆ ವೇಳೆಗೆ ಉಳಿದಿರಲಿಲ್ಲ. ಅದೇ ದಿನ ದ್ಮಿತ್ರೊ ಸುಯಾರ್ಕೊ ಕಂಚು ಗೆದ್ದರು. ಎರಡು ಗುರಿ ತಪ್ಪಿದ್ದವು. ತಾನಿದ್ದ ಮನೆ ಬಾಂಬಿಗೆ ನೆಲಸಮವಾದ ಸುದ್ದಿ ಬಂದಿತ್ತು, ಮನಸ್ಸು ಹಿಡಿತಕ್ಕೆ ಸಿಗಲಿಲ್ಲ ಎಂದು ಅವರೇ ಹೇಳಿಕೊಂಡರು. ಹತ್ತೊಂಬತ್ತು ವರ್ಷದ ಅನಸ್ತಾಸಿಯಾ ಲಲೆತಿನಾ ಮಾತ್ರ ಅಂದು ಕಣಕ್ಕಿಳಿಯಲಿಲ್ಲ. ಸೈನ್ಯದಲ್ಲಿದ್ದ ತಂದೆ ಶತ್ರುಗಳ ಸೆರೆಸಿಕ್ಕ ಸುದ್ದಿ ಕೇಳಿದ ಮೇಲೆ ಆ ಹುಡುಗಿಯ ಕೈಲಿ ಸ್ಪರ್ಧಿಸಲು ಆಗಲಿಲ್ಲ. ಅವಳನ್ನು ಯಾರು ತಾನೇ ದೂರುತ್ತಾರೆ? ಗೆದ್ದವರಷ್ಟೇ ಗಟ್ಟಿಗರು, ಅತ್ತವರು ಅಳ್ಳೆದೆಯವರು ಎಂದು ಲೆಕ್ಕ ಹಾಕುವುದು ಬೇಡ, ಗೆಳತಿಯರೇ. ಅತ್ತವಳೂ ಆ ತಂಡದವಳೇ.

ಮಾರ್ಚ್ 10ರಂದು ತಂಡದವರೆಲ್ಲ ಕ್ರೀಡಾಗ್ರಾಮದಲ್ಲಿ ಸೇರಿ, 'ಎಲ್ಲರಿಗೂ ಶಾಂತಿ' ಎಂಬ ಬಟ್ಟೆಯ ಫಲಕ ಹಿಡಿದು ಒಂದು ನಿಮಿಷ ಮೌನವಾಗಿ ನಿಂತರು.

ಕೂಟ ಮುಗಿದಾಗ ಲೆಕ್ಕ ಹೀಗಿತ್ತು: ಉಕ್ರೇನಿಗೆ 11 ಚಿನ್ನ, 10 ಬೆಳ್ಳಿ, 8 ಕಂಚು, ಒಟ್ಟು 29. ತೊಂಬತ್ತಾರು ಜನರನ್ನು ಇಳಿಸಿದ್ದ ಆತಿಥೇಯ ಚೀನಾ ಮೊದಲನೆಯದು. ಇಪ್ಪತ್ತೇ ಜನರ ಉಕ್ರೇನ್ ಎರಡನೆಯದು!

ಇದನ್ನು ಓದಿ "ಅಯ್ಯೋ ಪಾಪ" ಅಂತೀರಿ, ನಾನೂ ಅಂದೆ. ಆದರೆ ಯೋಚಿಸಿ ನೋಡಿ. ಆ 29 ಪದಕಗಳು ಕನಿಕರದಿಂದ ಬಂದವಲ್ಲ, ಯುದ್ಧದ ಆವೇಶದಿಂದ ಹದಿನೈದು ದಿನದಲ್ಲಿ ಹುಟ್ಟಿದವೂ ಅಲ್ಲ. ಮೂವತ್ತು ವರ್ಷದ ಹಿಂದೆ ಯಾರೋ ಪರದೆ ಸರಿಸಿದ್ದರು. ಯಾವುದೋ ಊರಿನ ಯಾವುದೋ ತಾಯಿ, "ಬಿದ್ದರೆ ಬೀಳಲಿ, ಏಳುತ್ತೆ" ಎಂದು ಮಗುವಿನ ಕೈ ಬಿಟ್ಟಿದ್ದಳು. ಹಾಗೆ ಬಿಟ್ಟ ಕೈ ಎಷ್ಟು ನಡುಗಿತೋ, ಅದನ್ನು ತಾಯಂದಿರಾದ ನಾವೇ ಬಲ್ಲೆವು.

ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಅಂಥ ಮಗುವಿದ್ದರೆ ಒಂದು ಮಾತು. ಓಡಿ ಪದಕ ತಾ ಎನ್ನಬೇಕಾಗಿಲ್ಲ. ನೆಂಟರು ಬಂದಾಗ ಎಲ್ಲ ಮಕ್ಕಳಂತೆ ನಡುಮನೆಯಲ್ಲಿ ಕೂರಿಸಿ. ಹೂವು ಕಟ್ಟಲು, ತಾಂಬೂಲ ಜೋಡಿಸಲು, ಬಂದವರಿಗೆ ಕುಂಕುಮ ಕೊಡಲು ಹೇಳಿ. ಆ ಮಗುವಿಗೆ ಏನು ಬೇಕೆಂದು ನಿಮ್ಮನ್ನು ಕೇಳುವವರಿಗೆ, "ಅವಳನ್ನೇ ಕೇಳಿ" ಅನ್ನಿ. ಶಾಲೆಯ ಮೈದಾನದಲ್ಲಿ ಒಂದು ಮೂಲೆಯಾದರೂ ಅವಳಿಗೆ ಸಿಗಲಿ ಎಂದು ಮೇಷ್ಟ್ರ ಹತ್ತಿರ ಒಂದು ಮಾತು ಹಾಕಿ.

ಮುಂದಿನ ಶುಕ್ರವಾರ ನಮ್ಮ ಮನೆಯಲ್ಲಿ ಪೂಜೆಯಿದೆ. ಆ ಮನೆಯಾಕೆಯನ್ನು ಕರೆದಿದ್ದೇನೆ. "ಮಗಳನ್ನೂ ಕರ್ಕೊಂಡು ಬನ್ನಿ, ಅವಳಿಗೆ ಅಂತಲೇ ಕುರ್ಚಿ ಹಾಕಿರ್ತೀನಿ" ಅಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡೋಣ" ಅಂದಿದ್ದಾರೆ.

ಕುರ್ಚಿಯಂತೂ ಹಾಕುತ್ತೇನೆ.