ತರಬೇತಿಯ ಫಲ ಗಳಿಕೆಯಲ್ಲಿ ಕಾಣಲಿ



ಸ್ವಉದ್ಯೋಗ ತರಬೇತಿಗಳು ಪ್ರಮಾಣಪತ್ರ ಕೊಟ್ಟ ದಿನಕ್ಕೇ ಮುಗಿಯಬಾರದು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಹಾಕಿಕೊಟ್ಟ ದಾರಿಯಲ್ಲಿ ತರಬೇತಿ ಅಲ್ಪಾವಧಿಯದು, ಆಮೇಲಿನ ಬೆಂಬಲ ದೀರ್ಘಾವಧಿಯದು. ಬ್ಯಾಂಕ್ ಸಾಲಕ್ಕೂ ನೆರವುಂಟು.

ಟೋಗೊ ದೇಶದ 1,500 ಸಣ್ಣ ವ್ಯಾಪಾರಿಗಳ ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನವನ್ನು ನಮ್ಮ ಅಧಿಕಾರಿಗಳು ಓದಬೇಕು. ಲೆಕ್ಕಪತ್ರ, ಮಾರಾಟದಂಥ ಮಾಮೂಲಿ ಪಾಠ ಕಲಿತವರ ಲಾಭ ಹೇಳಿಕೊಳ್ಳುವಷ್ಟು ಏರಲಿಲ್ಲ. ತಾವಾಗಿ ಮುಂದೆ ಬಂದು ಹೊಸದನ್ನು ಮಾಡುವುದನ್ನು, ಪೆಟ್ಟು ಬಿದ್ದರೂ ಹಿಡಿದ ಕೆಲಸ ಬಿಡದಿರುವುದನ್ನು ಕಲಿತವರ ಲಾಭ ಮಾತ್ರ ಶೇ 30ರಷ್ಟು ಹೆಚ್ಚಿತು. ಧೈರ್ಯವನ್ನೂ ಕಲಿಸಬಹುದು ಎಂಬುದು ನನಗೆ ಬಹಳ ಭರವಸೆ ಕೊಟ್ಟ ಸಂಗತಿ.

ಹೊಲಿಗೆ, ಮೊಬೈಲ್ ರಿಪೇರಿ ಕಲಿತವರಲ್ಲಿ ಎರಡು ವರ್ಷದ ಬಳಿಕ ಎಷ್ಟು ಮಂದಿಯ ಅಂಗಡಿ ನಡೆಯುತ್ತಿದೆ, ಗಳಿಕೆ ಎಷ್ಟು ಎಂಬುದನ್ನು ಸರ್ಕಾರ ಜಿಲ್ಲಾವಾರು ಪ್ರಕಟಿಸಲಿ.

– ಓದುಗರೊಬ್ಬರು, ಬೆಳ್ತಂಗಡಿ