ಅಜ್ಜನ ಕಣ್ಣು, ಮೊಮ್ಮಗಳ ಬೆರಳು

ಮಕ್ಕಳೇ, ನಮ್ಮ ಹಂಗಾರಕಟ್ಟೆ ಎಂದರೆ ಅಳಿವೆ ಮತ್ತು ಕೋಡಿಬೆಂಗ್ರೆಗೆ ಹೋಗುವ ಬಾರ್ಜು ಮಾತ್ರವಲ್ಲ. ಬಡಗುತಿಟ್ಟಿನ ಯಕ್ಷಗಾನ ಕಲಿಸುವ ಕಲಾಕೇಂದ್ರವೂ ಇಲ್ಲಿದೆ. ಹೆಜ್ಜೆಯನ್ನು ಗುರುಗಳು ಕಲಿಸುತ್ತಾರೆ. ಪದ್ಯ ಬರುವುದು ಪ್ರಸಂಗದಿಂದ. ಅದು ಹಿಂದೆ ತಾಳೆಗರಿಯಲ್ಲಿತ್ತು, ಆಮೇಲೆ ಕೈಬರಹದ ಪಟ್ಟಿಯಲ್ಲಿ. ಎರಡರ ರುಚಿಯೂ ಗೆದ್ದಲಿಗೆ ಗೊತ್ತು!

ಯಕ್ಷವಾಹಿನಿ ಎಂಬ ಸಂಸ್ಥೆ ಹಳೆಯ ಪ್ರಸಂಗಗಳನ್ನು ಸ್ಕ್ಯಾನ್ ಮಾಡಿ, ಟೈಪ್ ಮಾಡಿಸಿ ಅಂತರ್ಜಾಲದಲ್ಲಿ ಇಡುತ್ತಿದೆ. ಇವು ಎರಡು ಬೇರೆ ಕೆಲಸ. ಸ್ಕ್ಯಾನ್ ಬರೀ ಚಿತ್ರ. ಟೈಪ್ ಮಾಡಿದರೆ ಬೇಕಾದ ಪದ್ಯ ಹುಡುಕಬಹುದು. ಅದೂ ಯೂನಿಕೋಡಿನಲ್ಲೇ ಆಗಬೇಕು. ಹಳೆಯ ಫಾಂಟಿನ ಬರಹ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗೀಚಾಗಿ ಕಾಣುತ್ತದೆ. 1991ರ ಮೊದಲ ಯೂನಿಕೋಡಿನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ.

ಟೈಪ್ ಮಾಡಲು ನಿಮ್ಮ ಬೆರಳು ಚುರುಕು. ಆದರೆ ಹಳೆಯ ಕೂಡಕ್ಷರ ಓದಲು, ರಾಗತಾಳದ ಹೆಸರು ಗುರುತಿಸಲು ಹಿರಿಯರೇ ಬೇಕು. ಝಂಪೆ ಹೋಗಿ ತ್ರಿವುಡೆ ಆದರೆ ಪದ್ಯವೇ ಎಡವುತ್ತದೆ. ನಾನಿದ್ದ ಬ್ಯಾಂಕಿನಲ್ಲಿ ಒಬ್ಬ ಬರೆದದ್ದನ್ನು ಇನ್ನೊಬ್ಬ ತಾಳೆ ನೋಡಲೇಬೇಕಿತ್ತು. ಇಲ್ಲಿಯೂ ಅದೇ ಲೆಕ್ಕ.

ನಿಮ್ಮ ಮನೆಯ ಅಟ್ಟದಲ್ಲಿ ಪ್ರಸಂಗದ ಪಟ್ಟಿ ಇದೆಯೇ? ಹಗಲು ಬೆಳಕಿನಲ್ಲಿ ಪುಟಪುಟವಾಗಿ ಫೋಟೊ ತೆಗೆಯಿರಿ. ಫೈಲಿಗೆ ಪ್ರಸಂಗದ ಹೆಸರು, ಬರೆದವರ ಹೆಸರು, ಪುಟಸಂಖ್ಯೆ ಕೊಡಿ. ಎರಡು ಕಡೆ ಪ್ರತಿ ಇಡಿ. ಮೂಲ ಪಟ್ಟಿಯನ್ನು ಮಾತ್ರ ಎಸೆಯಬೇಡಿ.

ಅಜ್ಜ ಅಜ್ಜಿಯರೇ, ಕನ್ನಡಕ ಒರೆಸಿಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ. ಕಾಗದ ಇನ್ನೂ ಸ್ವಲ್ಪ ಕಾಲ ಬಾಳೀತು. ಆ ಅಕ್ಷರ ಓದಬಲ್ಲ ನಾವು ಎಷ್ಟು ದಿನ?